ಟೆಸ್ಟಿಂಗಿನ ನಂಬರು

“ಮೆಸೇಜ್ ಏನೂ ಬಂದಿಲ್ಲವ್ವಾ. ನಿಮ್ಮ ಬೀರಣ್ಣ ಮುಂಜಾನಿ ಫೋನ್ ಮಾಡಿದ್ದ. ಆಯೀ, ನಿನ್ನ ರಿಪೋರ್ಟ್ ಬಂದದ, ಹೋಗಿ ತಗೋ ಅಂದ,” ಎಂದಳು ಸರಸಂಬಾದ ಗುರುಬಾಯಿ.

ರಿಪೋರ್ಟನ್ನು ಲಕೋಟೆಗೆ ತುಂಬುತ್ತಿದ್ದ ಮಸರತಳ ಕೈ ಅಲ್ಲೇ ನಿಂತಿತು. ಬೀರಣ್ಣ ಆಳಂದದ ಈ ರಕ್ತಪರೀಕ್ಷೆಯ ಲ್ಯಾಬು ಬಿಟ್ಟು ಎರಡು ತಿಂಗಳಾಗಿತ್ತು. ಬಿಟ್ಟದ್ದಲ್ಲ, ಬಿಡಿಸಿದ್ದರು. ರೋಗಿಗಳ ನಂಬರುಗಳನ್ನು ಬೇರೆ ಲ್ಯಾಬಿಗೆ ಕೊಡುತ್ತಾನೆಂಬ ಗುಮಾನಿ ಲ್ಯಾಬಿನ ಡಾಕ್ಟರಿಗೆ. ರಿಪೋರ್ಟ್ ತಯಾರಾದೊಡನೆ ರೋಗಿಯ ಮೊಬೈಲಿಗೆ ಸಂದೇಶ ಹೋಗುವ ಪ್ರೋಗ್ರಾಂ ಕೂರಿಸಿದವನೂ ಅವನೇ, ಅದನ್ನು ನೋಡಿಕೊಳ್ಳಲು ಮಸರತಳಿಗೆ ಕಲಿಸಿದವನೂ ಅವನೇ.

ಕೆಲಸ ಬಿಟ್ಟು ಹೋದವನಿಗೆ ಗುರುಬಾಯಿಯ ರಿಪೋರ್ಟ್ ಬಂದದ್ದು ಹೇಗೆ ಗೊತ್ತಾಯಿತು? ಅಫಜಲಪುರ, ಜೇವರ್ಗಿಯ ತಮ್ಮ ಲ್ಯಾಬಿನ ಸ್ಯಾಂಪಲ್ ಕೇಂದ್ರಗಳಿಗೆ ಫೋನ್ ಹಚ್ಚಿ ಕೇಳಿದಳು. ಅಲ್ಲೂ ಅದೇ ಮಾತು. ವಾರದಿಂದ ಯಾರಿಗೂ ಸಂದೇಶವಿಲ್ಲ, ಬರೀ ಬೀರಣ್ಣನ ಫೋನು. ಹೋಗುವಾಗ ಪ್ರೋಗ್ರಾಮಿನಲ್ಲಿ ಎಲ್ಲೋ ಕಳ್ಳಬಾಗಿಲು ಇಟ್ಟು ಹೋಗಿದ್ದಾನೆ ಎಂದುಕೊಂಡು ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದಳು. ಮರುದಿನ ಬಂದ ಮೊದಲ ರೋಗಿಯೂ ಬೀರಣ್ಣನ ಹೆಸರನ್ನೇ ಹೇಳಿದ. ಡಾಕ್ಟರು ಪೊಲೀಸ್ ಠಾಣೆಗೆ ಹೊರಟು ನಿಂತರು. “ಒಂದು ಸಲ ನಾ ಮಾತಾಡಿ ಬರ್ತೇನ್ರಿ ಸರ್,” ಎಂದು ಮಸರತ ಬೀರಣ್ಣನ ಊರಾದ ಮಾದನಹಿಪ್ಪರಗಾದ ಬಸ್ಸು ಹತ್ತಿದಳು. ಕಲಿಸಿದವನ ಮೇಲೆ ಕೇಸು ಹಾಕಿಸಲು ಮನಸ್ಸು ಒಪ್ಪಿರಲಿಲ್ಲ. ಆದರೆ ಲ್ಯಾಬಿನ ಮೆಟ್ಟಿಲಿಳಿದು ಹೋದ ದಿನದ ಅವನ ಸಿಟ್ಟಿನ ಮುಖವೇ ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟುತ್ತಿತ್ತು.

ಈಗ ಕೆಲಸಕ್ಕಿದ್ದ ಬೀಜ-ಗೊಬ್ಬರದ ಅಂಗಡಿಯಲ್ಲಿ ತೊಗರಿ ಬೀಜದ ಚೀಲಗಳ ನಡುವೆ ಬೀರಣ್ಣ ಕೂತಿದ್ದ. ಕೈಯಲ್ಲಿ ಮೊಬೈಲು, ತೊಡೆಯ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕು. ಅದರ ತುಂಬ ಹೆಸರು, ಊರು, ನಂಬರು. ಸಿಕ್ಕಿಬಿದ್ದ ಎಂದುಕೊಂಡ ಮಸರತ ಬಂದವಳೇ ಅದನ್ನು ಕಸಿದುಕೊಂಡಳು.

“ಇದೇನ್ರಿ ಬೀರಣ್ಣಾರ? ಯಾರಿಗೆ ಮಾರಾಕತ್ತೀರಿ ಇವನ್ನ?”

“ಓದಿ ನೋಡು. ಆಮ್ಯಾಲ ಕೇಳು.”

ಪ್ರತಿ ಹೆಸರಿನ ಮುಂದೆ ಅವನ ದಪ್ಪ ಅಕ್ಷರಗಳಿದ್ದವು. ‘ಹೇಳಿದೆ.’ ‘ಎತ್ತಲಿಲ್ಲ, ಸಂಜೆ ಮತ್ತೆ.’ ‘ಮಗನಿಗೆ ಹೇಳಿದೆ.’ ‘ಹಿರೋಳ್ಳಿ, ಫೋನ್ ಹತ್ತಲಿಲ್ಲ, ಬಸ್ಸಿನ ಕಂಡಕ್ಟರನ ಕಡೆ ಹೇಳಿ ಕಳಿಸಿದೆ.’

“ಸರ್ವರಿಗೆ ಯಾವ ಸೆಟ್ಟಿಂಗ್ ಫೈಲ್ ಹಾಕ್ದಿ?” ಬೀರಣ್ಣ ಕೇಳಿದ. “ಟೆಸ್ಟಿಂಗಿಂದೋ, ಖರೇ ಕೆಲಸದ್ದೋ?”

ಮಸರತಳಿಗೆ ಈಗ ಹೊಳೆಯಿತು. ಹಿಂದಿನ ರವಿವಾರ ಪ್ರೋಗ್ರಾಮನ್ನು ಹೊಸ ಸರ್ವರಿಗೆ ಸಾಗಿಸಿದ್ದಳು. ಎರಡೂ ಫೈಲಿಗೆ ಒಂದೇ ಹೆಸರು. ಅವಸರದಲ್ಲಿ ಟೆಸ್ಟಿಂಗಿನದನ್ನೇ ಎತ್ತಿ ಹಾಕಿ, ಡೇಟಾಬೇಸಿನ ವಿಳಾಸವೊಂದನ್ನು ತಿದ್ದಿದ್ದಳು. ರಿಪೋರ್ಟುಗಳು ತೆರೆದುಕೊಂಡವು, ಕೆಲಸ ಮುಗಿಯಿತೆಂದು ಮನೆಗೆ ಹೋಗಿದ್ದಳು. ಪ್ರೋಗ್ರಾಂ ಪರೀಕ್ಷಿಸುವಾಗ ರೋಗಿಗಳಿಗೆ ತ್ರಾಸಾಗಬಾರದೆಂದು, ಎಲ್ಲ ಸಂದೇಶಗಳೂ ರೋಗಿಯ ನಂಬರಿನ ಸಮೇತ ಒಂದೇ ಮೊಬೈಲಿಗೆ ಬೀಳುವಂತೆ ಆ ಫೈಲಿನಲ್ಲಿ ಒಂದು ಸಾಲಿತ್ತು. ಎರಡು ವರ್ಷದ ಹಿಂದೆ ಬೀರಣ್ಣ ಬರೆದ ಸಾಲು. ಮೊಬೈಲೂ ಅವನದೇ.

“ಮತ್ತ ನಮಗ್ಯಾಕ ಹೇಳ್ಲಿಲ್ರಿ?” ದನಿಯಲ್ಲಿ ಗುಮಾನಿ ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಹದಿನಾಲ್ಕು ಸಲ ಫೋನ್ ಹಚ್ಚೇನಿ, ಲ್ಯಾಬಿಗೂ ನಿನಗೂ. ಬ್ಲಾಕ್ ಮಾಡೀರಿ.”

ಡಾಕ್ಟರು ಹೇಳಿದ್ದರು, ಇವಳು ಮಾಡಿದ್ದಳು. “ಬಂದು ಹೇಳಬೇಕಿತ್ತಲ್ರಿ,” ಎಂದಳು ಮೆಲ್ಲಗೆ.

“ಕಳ್ಳ ಅಂದ ಬಾಗಿಲಿಗಾ?”

ಅಷ್ಟರಲ್ಲಿ ಅವನ ಮೊಬೈಲು ಗುಂಯ್‌ಗುಟ್ಟಿತು. ಜೇವರ್ಗಿಯ ಒಬ್ಬ ಬಸುರಿಯ ರಕ್ತದ ರಿಪೋರ್ಟು. ‘ತುರ್ತು. ಕೂಡಲೇ ವೈದ್ಯರನ್ನು ಕಾಣಿರಿ.’

“ಕೊಡ್ರಿ, ಇದನ್ನ ನಾನೇ ಹೇಳ್ತೇನಿ,” ಎಂದು ಮಸರತ ಕೈ ಚಾಚಿದಳು. ಬೀರಣ್ಣ ಆಗಲೇ ನಂಬರು ಒತ್ತಿ ಫೋನನ್ನು ಕಿವಿಗೆ ಹಿಡಿದಿದ್ದ.

“ಯವ್ವಾ, ಗಾಬರಿ ಆಗಬ್ಯಾಡ. ನಾ ಆಳಂದದ ಲ್ಯಾಬಿನಿಂದ ಮಾತಾಡಾಕತ್ತೇನಿ.”