ಬೇಲಿ ದಾಟುವ ಕ್ರಮ

ಊರ್ಮಿಳಾ ಒದ್ದೆ ಬಟ್ಟೆ ಕೊಡವಿ ಹರವುತ್ತಿದ್ದಳು. ಗಿರೀಶ ಬಂದವನೇ ಬಟ್ಟೆ ಒಣಹಾಕುವ ಸ್ಟ್ಯಾಂಡನ್ನೇ ಎತ್ತಿಕೊಂಡು ಗ್ಯಾರೇಜಿಗೆ ನಡೆದ.

“ರೀ, ಇನ್ನೂ ಅರ್ಧ ಬಟ್ಟೆ ಇದೆ.”

“ಐದೇ ನಿಮಿಷ. ನಮಗೊಂದು ಬೇಲಿ ಬೇಕು.”

ಬೇಲಿ ಎಂದೊಡನೆ ಅವಳ ಕೈ ನಿಂತಿತು.

ನಾಳೆ ಬಾತುಕೋಳಿ ಬೇಟೆಯ ಸೀಸನ್ ಶುರು. ಹನ್ನೆರಡು ತುಂಬಿದ ಮಗಳು ಅನಘಾಗೆ ಜೂನಿಯರ್ ಲೈಸೆನ್ಸ್ ಬಂದಿತ್ತು. ಅಪ್ಪನ ಜೊತೆ ಮೊದಲ ಸಲ ಹೊರಟಿದ್ದಳು.

ಹೋದ ವರ್ಷ ಗಿರೀಶನ ಜೊತೆ ಹೀಗೇ ಹೊರಟಿದ್ದವನು ಗೆಳೆಯ ಗೋಪೀನಾಥ. ಅವರೆಲ್ಲ ವಾಸವಿದ್ದ ಊರು ಟಾರ್ನೀಟ್‌ಗೆ ಹೆಣವಾಗಿ ಮರಳಿದ. ಮುಳ್ಳುತಂತಿ ದಾಟುವಾಗ ಎಡವಿದ, ಅವನದೇ ಬಂದೂಕು ಹಾರಿತು ಎಂದು ಗಿರೀಶ ಪೊಲೀಸರಿಗೆ ಹೇಳಿದ್ದ. ನೋಡಿದವರು ಬೇರೆ ಯಾರೂ ಇರಲಿಲ್ಲ. ಅಂತ್ಯಕ್ರಿಯೆಯ ದಿನ ಗೋಪೀನಾಥನ ಹೆಂಡತಿ ಶ್ರೀಲಕ್ಷ್ಮಿ ಗಂಡನ ಕೈ ಬಿಡಿಸಿ ಕೆನ್ನೆಗೆ ಒತ್ತಿಕೊಂಡಾಗ, ಎರಡೂ ಅಂಗೈಗಳಲ್ಲಿ ಮುಳ್ಳು ಚುಚ್ಚಿದ ಗಾಯ. ಏನದು ಎಂದು ಅನಘಾ ಪಿಸುಗುಟ್ಟಿದ್ದಳು. “ತಂತಿ ಹಿಡ್ಕೊಂಡಿದ್ದ, ಪುಟ್ಟಾ,” ಎಂದಿದ್ದ ಗಿರೀಶ.

ಊರ್ಮಿಳಾ ಗ್ಯಾರೇಜಿನ ಬಾಗಿಲಿಗೆ ಬಂದಳು. “ನಾನು ಕಳಿಸಲ್ಲ ಅಂದ್ರೆ?”

“ರೂಲ್ಸ್ ತಪ್ಪಿದ್ರೆ ತಾನೇ ಅಪಾಯ? ನಾನು ಒಂದು ದಿನಾನೂ ತಪ್ಪಿಲ್ಲ. ಜೊತೆಗೆ ಬಂದವರಿಗೂ ತಪ್ಪೋಕೆ ಬಿಟ್ಟಿಲ್ಲ.”

ಜೋಡಿ ನಳಿಗೆಯ ಬಂದೂಕು ಅವನ ತೋಳಿನ ಮೇಲೆ ಸೊಂಟ ಮುರಿದಂತೆ ಬಾಗಿ ಜೋತಿತ್ತು. ಮಗಳ ಕೈಯಲ್ಲಿ ಅಂಥದ್ದೇ ಇನ್ನೊಂದು, ಚಿಕ್ಕದು.

“ನಡೆಯುವಾಗ ಹೀಗೆ ತೆರೆದೇ ಇರ್ಬೇಕು. ತೋಟಾ ಇಲ್ಲ, ಎರಡೂ ನಳಿಗೆ ಖಾಲಿ ಅಂತ ಪಕ್ಕದವರಿಗೆ ಕಾಣ್ಬೇಕು. ಮುಚ್ಚಿದ ಗನ್ ನಂಬಬಾರ್ದು.” ಟಕ್ ಎಂದು ಮುಚ್ಚಿ ತೋರಿಸಿದ. ಊರ್ಮಿಳಾ ಬೆಚ್ಚಿದಳು. ಅವನು ನಕ್ಕು ಮತ್ತೆ ತೆರೆದ.

“ಈಗ ಬೇಲಿ. ಗನ್ ಹಿಡ್ಕೊಂಡು ಯಾವತ್ತೂ ದಾಟಬಾರ್ದು. ಮೊದಲು ಜೊತೆಗಾರನ ಕೈಗೆ ಕೊಡ್ಬೇಕು. ಆಮೇಲೇ ತಂತಿ ಮುಟ್ಟೋದು.”

“ಓಕೆ.” ಅನಘಾ ತನ್ನ ಬಂದೂಕನ್ನು ಅಪ್ಪನಿಗೆ ಕೊಟ್ಟಳು. ಎರಡೂ ಕೈಯಿಂದ ಸ್ಟ್ಯಾಂಡಿನ ಸರಳು ಹಿಡಿದು, ಒದ್ದೆ ಯೂನಿಫಾರ್ಮಿನ ಮೇಲೆ ಹುಷಾರಾಗಿ ಕಾಲೆತ್ತಿದಳು.

ಎರಡು ಬಂದೂಕುಗಳೂ ಈಗ ಗಿರೀಶನ ತೋಳಿನಲ್ಲಿದ್ದವು.

“ನೋಡಿದ್ಯಾ, ಎಷ್ಟು ಸಿಂಪಲ್? ಗೋಪಿಗೂ ನಾನೇ ಹೇಳ್ಕೊಟ್ಟಿದ್ದು. ಪಾಪ, ಒಂದು ಸಲವೂ ಮರೀತಿರಲಿಲ್ಲ.”

ಅನಘಾ ಆಚೆಗೆ ಇಳಿಯಲಿಲ್ಲ. ಸರಳು ಹಿಡಿದಿದ್ದ ತನ್ನ ಕೈಗಳನ್ನೇ ನೋಡುತ್ತ ನಿಂತಳು.

“ಬಟ್ ಅಪ್ಪಾ, ಗೋಪಿ ಅಂಕಲ್ ಎರಡೂ ಕೈಲಿ ತಂತಿ ಹಿಡ್ಕೊಂಡಿದ್ರಲ್ಲ, ಆವಾಗ ಅವರ ಗನ್ ಯಾರ ಹತ್ರ ಇತ್ತು?”