ಮೂರನೇ ಕಂಬ

ರೋಪ್‌ವೇ ಕ್ಯಾಬಿನ್ ಮೂರನೇ ಕಂಬ ದಾಟುವಾಗ ಗಂಡ ಮಾತು ನಿಲ್ಲಿಸಿ, ತಲೆ ಓರೆ ಮಾಡಿ, ಮೇಲಿನ ಉಕ್ಕಿನ ಹಗ್ಗದ ಕಡೆ ಕಿವಿಗೊಟ್ಟ. ಹೆಂಡತಿ ಗಾಜಿಗೆ ಹಣೆ ಒತ್ತಿಕೊಂಡು ಕೆಳಗಿನ ಊರು ನೋಡುತ್ತಿದ್ದಳು.

"ರೀ, ಅದು ಕೆರೆ ಅಲ್ವಾ? ದೋಣಿ ಕೂಡ ಕಾಣ್ತಿದೆ."

"ಹೂಂ."

"ನೀವೆಲ್ಲಿ ನೋಡ್ತಿದ್ದೀರಿ? ಕೆರೆ ಕೆಳಗಿದೆ."

"ಒಂದು ನಿಮಿಷ ಸುಮ್ನಿರು. ಗಾಲಿ ಒಂದು ಕೂಗ್ತಿದೆ."

ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಅವಳಿಗೆ ಕೌಂಟರಿನ ಕೆಲಸ. ಬೆಟ್ಟದ ಊರು ನೋಡಲು ಬಂದವರಿಗೆಲ್ಲ ಹದಿನೆಂಟು ವರ್ಷದಿಂದ ಅವಳೇ ದಾರಿ ಹೇಳುತ್ತಾಳೆ. ಮಂಜು ಕರಗಿದ ಮೇಲೆ ರೋಪ್‌ವೇ, ಮಧ್ಯಾಹ್ನ ಮ್ಯೂಸಿಯಂ, ಬಿಸಿಲು ಇಳಿದ ಮೇಲೆ ದೋಣಿ, ಶಾಲು ಬೇಕಾದರೆ ಹಳೇ ಪೇಟೆ, ಆದರೆ ಮೊದಲನೇ ಅಂಗಡಿಯಲ್ಲಿ ಕೊಳ್ಳಬೇಡಿ. ಮೇಲಿಂದ ಊರು ಹೇಗೆ ಕಾಣುತ್ತದೆ ಎಂದು ಕೇಳಿದರೆ ಕಣ್ಣಾರೆ ಕಂಡವಳ ಹಾಗೆ ಬಣ್ಣಿಸುತ್ತಾಳೆ. ಕಂಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗೆ. ಗಂಡ ಅದೇ ರೋಪ್‌ವೇಯ ಮೆಕ್ಯಾನಿಕ್ಕು. ಅವಳಿಗೆ ವಾರದ ರಜೆ ಮಂಗಳವಾರ. ರೋಪ್‌ವೇಯೂ ಮಂಗಳವಾರವೇ ಬಂದ್, ಅವತ್ತೇ ಅವನಿಗೆ ಮೈತುಂಬ ಕೆಲಸ. ಬೇರೆ ದಿನ ಹೇಗೋ ಬಿಡುವು ಮಾಡಿಕೊಂಡು ಒಬ್ಬಳೇ ಹೋಗಬಹುದಿತ್ತು, ಹೋಗಲಿಲ್ಲ. ಅವನು ಪಕ್ಕದಲ್ಲಿ ಕೂತು, ಕೈ ಚಾಚಿ "ಅದೋ ನಮ್ಮ ಮನೆ" ಎಂದು ತೋರಿಸಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ, ಮದುವೆಯಾದ ಲಾಗಾಯ್ತು ಇಪ್ಪತ್ತೆರಡು ವರ್ಷ ಅಷ್ಟಕ್ಕೇ ಕಾದಿದ್ದಳು. ಈ ವಾರ ಲಾಡ್ಜಿಗೆ ಬಣ್ಣ ಹೊಡೆಯುತ್ತಿದ್ದಾರೆ, ಅವನಿಗೂ ಒಂದು ದಿನ ರಜೆ ಸಿಕ್ಕಿತು. ಅಂತೂ ಕಾಲ ಕೂಡಿಬಂತು ಅಂದುಕೊಂಡಿದ್ದಳು.

ಮೇಲಿನ ನಿಲ್ದಾಣದಲ್ಲಿ ಇಳಿದವನೇ ಅವನು ಕಂಟ್ರೋಲ್ ರೂಮಿಗೆ ನುಗ್ಗಿದ. ಆಪರೇಟರ್ ನಕ್ಕ. "ಡಾಕ್ಟ್ರೇ, ಇವತ್ತು ರಜೆ ಅಲ್ವಾ ನಿಮಗೆ? ಅತ್ತಿಗೆ ಬಂದಿದ್ದಾರೆ, ಫೋಟೋ ಗೀಟೋ ತೆಗೆಸ್ಕೊಳ್ಳಿ. ನಮಗ್ಯಾರಿಗೂ ಏನೂ ಕೇಳಿಸಿಲ್ಲ." ಯಂತ್ರಕ್ಕೆ ಕಿವಿಯಿಟ್ಟೇ ಕಾಯಿಲೆ ಹೇಳುತ್ತಾನೆಂದು ಅಲ್ಲಿ ಎಲ್ಲರಿಗೂ ಅವನು ಡಾಕ್ಟ್ರು.

"ಮೂರನೇ ಕಂಬ. ಬೇರಿಂಗ್ ಹೋಗ್ತಿದೆ. ದಾರಿಯಲ್ಲಿರೋರನ್ನ ಇಳಿಸಿ ನಿಲ್ಲಿಸು," ಎಂದ ಅವನು.

ಕಾಲು ಗಂಟೆಯಲ್ಲಿ ರೋಪ್‌ವೇ ನಿಂತಿತು. ಮೇಲಿದ್ದವರನ್ನು ಕೆಳಗೆ ಬಿಡಲು ವ್ಯಾನುಗಳು ಬಂದವು. ಅವನು ಸ್ವೆಟರ್ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಕಂಟ್ರೋಲ್ ರೂಮಿನಲ್ಲಿದ್ದ ರಿಪೇರಿ ಸಾಮಾನಿನ ಚೀಲ ಹೆಗಲಿಗೇರಿಸಿದ.

"ನೀನು ವ್ಯಾನಲ್ಲಿ ಹೋಗಿರು."

"ನೀವು ನನ್ನ ಜೊತೆ ಬಂದಿದ್ರೋ, ಕಂಬದ ಜೊತೆ ಬಂದಿದ್ರೋ?"

"ಆ ಕ್ಯಾಬಿನ್ನಲ್ಲಿ ಮಕ್ಕಳು ಕೂರ್ತಾರೆ ಕಣೇ."

ಅವಳು ಸ್ವೆಟರ್ ಮಡಚಿ ತೋಳಿಗೆ ಹಾಕಿಕೊಂಡಳು. ವ್ಯಾನ್ ಮಾತ್ರ ಹತ್ತಲಿಲ್ಲ. ಜನ ಖಾಲಿಯಾದ ಮೇಲೆ ಅಂಚಿನ ಕಂಬಿ ಹಿಡಿದು ಒಬ್ಬಳೇ ನಿಂತಳು. ಗಡಿಯಾರ ಗೋಪುರ, ಮ್ಯೂಸಿಯಂ, ಹಳೇ ಪೇಟೆ, ಅರ್ಧ ಬಣ್ಣ ಬಳಿದ ಲಾಡ್ಜು, ಎಲ್ಲ ಅವಳು ಜನರಿಗೆ ಹೇಳಿದ ಜಾಗದಲ್ಲೇ ಇದ್ದವು. ತನ್ನ ಮನೆ ಮಾತ್ರ ಸಿಗಲಿಲ್ಲ. ಹುಡುಕಿದ್ದರೆ ಸಿಗುತ್ತಿತ್ತೇನೋ, ಹುಡುಕಲಿಲ್ಲ. ಅದನ್ನು ತೋರಿಸುವುದು ಅವನ ಕೆಲಸ. ಕೆಳಗೆ ಮೂರನೇ ಕಂಬದ ನೆತ್ತಿಯಲ್ಲಿ ಅವನು ಹೆಬ್ಬೆರಳಷ್ಟು ಕಾಣುತ್ತಿದ್ದ. ಮಧ್ಯಾಹ್ನವೆಲ್ಲ ಊರು ಬಿಟ್ಟು ಅವನನ್ನೇ ನೋಡಿದಳು. ಕೋಪ ಯಾವಾಗಲೋ ಇಳಿದಿತ್ತು, ಆಸೆ ಇಳಿದಿರಲಿಲ್ಲ. ಅವನು ಒಂದು ಸಲವಾದರೂ ಈ ಕಡೆ ತಿರುಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಅವನು ತಿರುಗಲಿಲ್ಲ.

ಸಂಜೆ ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಅವನು ಮೆಟ್ಟಿಲು ಹತ್ತಿ ಬಂದಾಗ ಊರಿನಲ್ಲಿ ಒಂದೊಂದೇ ದೀಪ ಹೊತ್ತುತ್ತಿತ್ತು. ಆಪರೇಟರ್ ಒಂದು ಖಾಲಿ ಕ್ಯಾಬಿನ್ ತಂದು ನಿಲ್ಲಿಸಿ ಬಾಗಿಲು ತೆಗೆದ.

"ಇನ್ನೂ ಇಲ್ಲೇ ಇದ್ದೀಯಾ?" ಎಂದ ಗಂಡ. "ಕೊನೇ ವ್ಯಾನ್ ನಿಂತಿದೆ, ಹೋಗು. ನಾನು ಇದರಲ್ಲಿ ಇಳೀತೀನಿ."

"ನಾನೂ ಇದರಲ್ಲೇ ಬರ್ತೀನಿ."

ಅವನು ಚೀಲವನ್ನು ಕ್ಯಾಬಿನ್ನಿನೊಳಗೆ ಇಟ್ಟ. ಆಪರೇಟರೇ ಹೇಳಿದ. "ಹಾಗಿಲ್ಲ ಅತ್ತಿಗೆ. ಇಲ್ಲಿನ ಪದ್ಧತಿ ಅದು. ರಿಪೇರಿ ಮಾಡಿದವನೇ ಮೊದಲು ಒಬ್ಬನೇ ಕೂತು ಹೋಗಬೇಕು. ಏನಾದ್ರೂ ಆಗೋದಿದ್ರೆ ಅವನಿಗೇ ಆಗಲಿ ಅಂತ."

ಅವಳು ಗಂಡನ ಮುಖ ನೋಡಿದಳು. "ಹೀಗೆ ಎಷ್ಟು ಸಲ ಹೋಗಿದ್ದೀರಿ?"

"ಯಾರಿಗೆ ನೆನಪಿರುತ್ತೆ."

"ಮನೇಲಿ ಒಂದು ದಿನಾನೂ ಹೇಳಲಿಲ್ಲ."

ಅವನು ಕೈ ಒರೆಸುವ ಬಟ್ಟೆಯಲ್ಲಿ ಒರೆಸಿದ ಬೆರಳನ್ನೇ ಮತ್ತೆ ಒರೆಸಿದ. ತಲೆ ಎತ್ತುವಷ್ಟರಲ್ಲಿ ಅವಳು ಕ್ಯಾಬಿನ್ ಒಳಗೆ ಹೋಗಿ, ಕಿಟಕಿಯ ಪಕ್ಕ ಅವನಿಗೆ ಜಾಗ ಬಿಟ್ಟು ಕೂತಿದ್ದಳು.

"ಇಳಿ," ಎಂದ ಅವನು. ದನಿ ಗಟ್ಟಿಯಿರಲಿಲ್ಲ. "ಇದಕ್ಕೆ ಪ್ಯಾಸೆಂಜರ್ ಹತ್ತೋ ಹಾಗಿಲ್ಲ ಕಣೇ."

ಅವಳು ಇಳಿಯಲಿಲ್ಲ.

"ನಾನು ಪ್ಯಾಸೆಂಜರಾ?" ಎಂದಳು.