ಸೋಲರಿಯದ ಸಿಂಹಿಣಿಯರು

ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಮೇಷ್ಟರುಗಳ ಕಾರುಗಳು ನಿಲ್ಲುತ್ತಿದ್ದವು. ಆದರೂ ಮಹಿಳಾ ತಂಡ ಇರಲೇಬೇಕೆಂದು ಮೇಲಿನಿಂದ ಆದೇಶ ಬಂದದ್ದರಿಂದ, ಎತ್ತರವಿದ್ದಾಳೆಂಬ ಒಂದೇ ಕಾರಣಕ್ಕೆ ಶಾಂಭವಿ ಕ್ಯಾಪ್ಟನ್ ಆದಳು.

ಮೊದಲ ಪಂದ್ಯಕ್ಕೆ ಎದುರು ತಂಡವೇ ಬರಲಿಲ್ಲ. ಚಡ್ಡಿ ತೊಟ್ಟು ಆಡುವುದಕ್ಕೆ ಆ ಹುಡುಗಿಯರ ಮನೆಯವರು ಬಿಡಲಿಲ್ಲವಂತೆ. ಆಡದೆಯೇ ಇವರು ಗೆದ್ದರು. ಎರಡನೆಯ ತಂಡಕ್ಕೆ ಪರೀಕ್ಷೆ ಅಡ್ಡ ಬಂತು. ಸೆಮಿಫೈನಲ್ ಆಡಬೇಕಿದ್ದವರನ್ನು ಅವರ ಕಾಲೇಜು ಮಂತ್ರಿಗಳ ಸ್ವಾಗತಕ್ಕೆ ಕಳಶ ಹಿಡಿಸಿ ನಿಲ್ಲಿಸಿತ್ತು.

ಗೇಟಿನ ಮೇಲೆ ‘ಸೋಲರಿಯದ ಸಿಂಹಿಣಿಯರು’ ಎಂಬ ಬ್ಯಾನರ್ ಏರಿತು. ಅದರಲ್ಲಿ ಪ್ರಿನ್ಸಿಪಾಲರ ಮುಖ ಮೊರದಗಲ, ಸಿಂಹಿಣಿಯರದು ಬೊಟ್ಟಿನಷ್ಟು.

ಫೈನಲ್ಲಿಗೆ ಮಾತ್ರ ಎದುರು ತಂಡ ಬಂದೇಬಿಟ್ಟಿತು. ಶಾಂಭವಿ ಪ್ರಿನ್ಸಿಪಾಲರ ಬಳಿಗೆ ಓಡಿದಳು.

“ಸರ್, ನಮಗೆ ಆಡೋಕೇ ಬರಲ್ಲ.”

“ಗೆದ್ದು ಗೆದ್ದು ಇಲ್ಲೀತನಕ ಬಂದು ಈಗ ಹೆದರ್ತೀಯೇನಮ್ಮ?” ಎಂದರು ಪ್ರಿನ್ಸಿಪಾಲರು.

ಕೈಕುಲುಕುವಾಗ ಅವಳು ಎದುರು ತಂಡದ ಕ್ಯಾಪ್ಟನ್‌ಗೆ ಮೆಲ್ಲಗೆ ಹೇಳಿದಳು, “ಸ್ವಲ್ಪ ನೋಡ್ಕೊಂಡು ಆಡ್ರಪ್ಪಾ. ನಾವು ಒಂದು ಮ್ಯಾಚೂ ಆಡಿಲ್ಲ.”

ಆ ಹುಡುಗಿ ಹಿಡಿದ ಕೈ ಬಿಡದೆ ಕೇಳಿದಳು, “ನಿಮ್ ಕೋರ್ಟಲ್ಲೂ ಕಾರ್ ನಿಲ್ಲಿಸ್ತಾರಾ?”